ಇನ್ನೂರ ಹನ್ನೆರಡು ಅಂಗಿ, ಒಂದೇ ಅಳತೆ

ನಗುವುದಿದ್ದರೆ ಈಗಲೇ ನಕ್ಕು ಮುಗಿಸಿ, ಮಧ್ಯದಲ್ಲಿ ನಕ್ಕರೆ ನನಗೆ ಮಾತಿನ ಎಳೆ ತಪ್ಪುತ್ತದೆ. ಇದು ನನ್ನ ಸೋದರತ್ತೆಯ ಕಥೆ. ಇದರಲ್ಲಿ ಮಂಗಳಾರತಿ ಮಾಡಿಸಿಕೊಂಡ ಪಾಲಷ್ಟೇ ನನ್ನದು.

ಅತ್ತೆ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಮೂವತ್ತು ವರ್ಷದಿಂದ ಅದೇ ಉದ್ದನೆಯ ಮೇಜು, ಅದೇ ಭಾರದ ಕತ್ತರಿ. ತರಗತಿ ತರಗತಿಗೂ ಹೋಗಿ, ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಪುಸ್ತಕದಲ್ಲಿ ಅಳತೆ ಗೀಚಿಕೊಳ್ಳುತ್ತಾರೆ. ಆಮೇಲೆ ಮೂರು ದಿನ ಕೂತು, ಯಾವ ಅಳತೆಯ ಅಂಗಿ ಎಷ್ಟು ಎಂದು ಪಟ್ಟಿ ಮಾಡುತ್ತಾರೆ. ಈ ಸಲ ಸಿಕ್ಕಿದ್ದು ಹೊಸ ಶಾಲೆ, ಇನ್ನೂರ ಹನ್ನೆರಡು ಅಂಗಿ. ಬಟ್ಟೆಯನ್ನು ಶಾಲೆಯವರೇ ಕೊಟ್ಟಿದ್ದರು, ಅದೂ ಅಳೆದು ಸುರಿದು. ತಪ್ಪಿ ಕತ್ತರಿಸಿದರೆ ಬೇರೆ ಬಟ್ಟೆಯಿಲ್ಲ. ಅಂಗಿ ಹೊಂದಿದರೆ ಮುಂದಿನ ವರ್ಷವೂ ಕೆಲಸ, ಇಲ್ಲದಿದ್ದರೆ ನಮಸ್ಕಾರ.

“ಪಟ್ಟಿ ನಾನ್ ಮಾಡ್ತೀನಿ ಅತ್ತೆ. ಕಂಪ್ಯೂಟರಲ್ಲಿ ಐದು ನಿಮಿಷದ ಕೆಲ್ಸ” ಎಂದೆ. ಆಗ ನನ್ನ ಪ್ರೋಗ್ರಾಮಿಂಗ್ ವಿದ್ಯೆಗೆ ಹನ್ನೊಂದು ದಿನದ ವಯಸ್ಸು.

“ಐದು ನಿಮಿಷನಾ? ನಿನಗೆ ಕಾಲುಚೀಲದ ಜೋಡಿ ಹುಡ್ಕೋಕೇ ಅರ್ಧ ಗಂಟೆ ಬೇಕಲ್ಲೇ!”

ಅಳತೆಗಳನ್ನೆಲ್ಲ ಟೈಪ್ ಮಾಡಿದೆ. ಟೇಬಲ್ ಓದಿ ಲೆಕ್ಕ ಹಾಕುವ ಓಪನ್ ಸೋರ್ಸ್ ಲೈಬ್ರರಿಯೊಂದು ಸಿಕ್ಕಿತು. ಎಂದರೆ, ಯಾರೋ ಪುಣ್ಯಾತ್ಮರು ಬರೆದು, ಬೇಕಾದವರು ಪುಕ್ಕಟೆ ಬಳಸಿ, ಬೇಕಿದ್ದರೆ ತಿದ್ದಿ ಎಂದು ಬಿಟ್ಟಿರುವ ಸಿದ್ಧ ಕೋಡು. ಅದನ್ನು ಇಳಿಸಿಕೊಳ್ಳಲು ಕೊಟ್ಟಿದ್ದ ಆಜ್ಞೆಯ ಸಾಲನ್ನು, ಮೊದಲಿಗಿದ್ದ ಡಾಲರ್ ಚಿಹ್ನೆಯ ಸಮೇತ ಅಂಟಿಸಿದೆ. ಓಡಲಿಲ್ಲ. ಆ ಚಿಹ್ನೆ ಬರೀ ‘ಇಲ್ಲಿಂದ ಟೈಪ್ ಮಾಡಿ’ ಎನ್ನುವ ಗುರುತಂತೆ. ಅದು ನನಗೆ ಹೊಳೆಯಲು ಒಂದೂವರೆ ದಿನ ಹಿಡಿಯಿತು. ಅಷ್ಟರಲ್ಲಿ ಅದನ್ನು ಬರೆದವರಿಗೆ “ನಿಮ್ಮ ಲೈಬ್ರರಿ ಕೆಟ್ಟಿದೆ” ಎಂದು ದೂರು ಕೊಟ್ಟೂ ಆಗಿತ್ತು.

ಕೊನೆಗೂ ಓಡಿತು. ಅತ್ತೆಯ ಪುಸ್ತಕದಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿದ್ದವು. ಪಾಪ, ವಯಸ್ಸಾಯಿತು, ಮರೆತಿದ್ದಾರೆ ಎಂದು ಮರುಗಿ, ಲೈಬ್ರರಿಯ ಜೊತೆಗಿದ್ದ ಹೊಸಬರ ಪಾಠದಿಂದ ಒಂದು ಸಾಲು ಎತ್ತಿ ಹಾಕಿದೆ. ಖಾಲಿ ಇದ್ದಲ್ಲೆಲ್ಲ ಇಡೀ ಶಾಲೆಯ ಸರಾಸರಿ ತುಂಬುವ ಸಾಲು. ಪಟ್ಟಿ ಮುದ್ರಿಸಿ ಮೇಜಿನ ಮೇಲಿಟ್ಟು, ಬಹುಮಾನ ಕೊಡುವವರ ಮುಂದೆ ನಿಂತ ಹಾಗೆ ನಿಂತೆ.

ಬಟ್ಟೆ ಹಾಸಿತ್ತು. ಕತ್ತರಿ ಅತ್ತೆಯ ಕೈಯಲ್ಲಿತ್ತು. ಅವರು ಪಟ್ಟಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

“ಎದೆ ಇಪ್ಪತ್ತೆಂಟು, ತೊಂಬತ್ತು ಅಂಗಿ! ಒಂದನೇ ಕ್ಲಾಸಿಗೂ ಇಪ್ಪತ್ತೆಂಟು, ಹತ್ತನೇ ಕ್ಲಾಸಿಗೂ ಇಪ್ಪತ್ತೆಂಟು. ಪ್ರೊಫೆಸರಮ್ಮಾ, ಇವು ಮಕ್ಕಳಾ, ಇಟ್ಟಿಗೆನಾ?”

“ಲೈಬ್ರರಿ ತಪ್ಪು ಅತ್ತೆ” ಎಂದು ಅಲ್ಲೇ ಟೇಬಲಿನ ಸಮೇತ ಎರಡನೇ ದೂರು ಕಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು: “ಸರಾಸರಿ ಸರಿಯಾಗಿಯೇ ಇದೆ. ನಿಮ್ಮ ಟೇಬಲಿನಲ್ಲಿ ಖಾಲಿ ಜಾಗಕ್ಕೆ ಏನರ್ಥ? ಬರೆದವರನ್ನು ಕೇಳಿದಿರಾ?”

ಬರೆದವರು ನನ್ನಿಂದ ಮೂರಡಿ ದೂರದಲ್ಲಿ ಕತ್ತರಿ ಹಿಡಿದು ನಿಂತಿದ್ದರು.

“ಅತ್ತೆ, ಈ ಖಾಲಿ ಬಿಟ್ಟಿರೋದು...”

“ಮೇಲಿನದೇ ಅಂತ. ಎತ್ತರದ ಪ್ರಕಾರ ನಿಲ್ಸಿರ್ತೀನಲ್ಲ, ಮುಂದಿನ ಮಗೂಗೂ ಅದೇ ಅಳತೆ ಬಂದ್ರೆ ಮತ್ಯಾಕೆ ಬರೀಲಿ?”

“ಮೊದಲೇ ಹೇಳ್ಬಾರ್ದಿತ್ತಾ?”

“ಮೊದಲೇ ಕೇಳ್ಬಾರ್ದಿತ್ತಾ?”

ಮೇಲಿನದನ್ನೇ ಕೆಳಗೆ ತುಂಬುವ ಸಾಲು ಅದೇ ಪಾಠದಲ್ಲಿ, ಸರಾಸರಿಯ ಕೆಳಗೇ ಇತ್ತು. ನಾನು ಅಷ್ಟು ದೂರ ಓದಿದ್ದರೆ ತಾನೇ! ಪಟ್ಟಿ ಮತ್ತೆ ಬಂತು. ಅತ್ತೆ ಪುಸ್ತಕದಿಂದ ಹತ್ತು ಮಕ್ಕಳನ್ನು ಆರಿಸಿ, ಒಂದೊಂದಾಗಿ ತಾಳೆ ನೋಡಿ, “ಹೂಂ” ಎಂದರು.

ಕತ್ತರಿ ಕರಕರ ಎಂದು ಹೊರಟಿತು.

“ಆ ಉತ್ತರ ಕೊಟ್ಟೋರಿಗೆ ಸಂಬಳ ಯಾರು ಕೊಡ್ತಾರೆ?” ಎಂದು ಅತ್ತೆ ತಲೆಯೆತ್ತದೆ ಕೇಳಿದರು.

“ಯಾರೂ ಇಲ್ಲ.”

“ಸಂಬಳಾನೂ ಇಲ್ದೆ ನಿನ್ನ ಹತ್ರ ಬೈಸ್ಕೋತಾರಾ? ಮೊದ್ಲು ಕ್ಷಮೆ ಕೇಳು.”

ಕೇಳಿದೆ. ಲೈಬ್ರರಿಯವರು ನನ್ನ ತಪ್ಪನ್ನೇ ಹೊಸಬರ ಪಾಠಕ್ಕೆ ಸೇರಿಸಲು ಹೇಳಿದರು. ‘ಖಾಲಿ ಜಾಗ ತುಂಬುವ ಮುನ್ನ ಬರೆದವರನ್ನು ಕೇಳಿ’ ಎಂದು ಬರೆದೆ. ಜಗತ್ತಿಗೆ ನನ್ನ ಮೊದಲ ಕೊಡುಗೆ ನನ್ನದೇ ಪೆದ್ದುತನ.

ಅಂಗಿಗಳು ಹೊಂದಿದವು. ಶಾಲೆಯ ಟೀಚರ್ ಅಂಗಡಿಗೇ ಬಂದು, ಮುಂದಿನ ವರ್ಷವೂ ನೀವೇ ಹೊಲಿಯಬೇಕು ಎಂದರು. “ಇಷ್ಟು ಬೇಗ ಪಟ್ಟಿ ಮಾಡಿದ್ದು ಯಾರು?” ಎಂದೂ ಕೇಳಿದರು. ನಾನು ಕೂದಲು ಸರಿಮಾಡಿಕೊಂಡೆ.

“ಯಾರೋ ದೂರದೋರು, ತುಂಬಾ ತಾಳ್ಮೆಯ ಜನ” ಎಂದರು ಅತ್ತೆ. “ಇವಳು ಟೈಪ್ ಮಾಡಿದ್ಲು.”