ಹೆಪ್ಪು ಹಾಕಿ ಹೊರಟವರು

ನಮ್ಮ ಪ್ರವಾಸಗಳು ಯಾವತ್ತೂ ಎರಡು ದಿನ ದಾಟಿದ್ದಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ರಜೆ ಸಿಗುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ. ಚೆನ್ನೈಯ ಶೋಳಿಂಗನಲ್ಲೂರಿನ ಕಚೇರಿಗೆ ದಿನಾ ಕ್ಯಾಬ್ ಹತ್ತುವವನ ಬಾಯಲ್ಲಿ ಈ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ನಿಜವಾದ ಕಾರಣ ಮೊಸರು.

ನನ್ನ ಹೆಂಡತಿ ರುಕ್ಮಿಣಿ, ಮನೆಮಂದಿಗೆ ರುಕ್ಕು, ಅಜ್ಜನ ಕಾಲದಿಂದಲೂ ಮದರಾಸಿನಲ್ಲೇ ಇರುವ ಮಾಧ್ವರ ಮನೆಯ ಮಗಳು. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಊರು ಬಿಟ್ಟು ಹೊರಡುವವರು ಹಾಲಿಗೆ ಹೆಪ್ಪು ಹಾಕಿ ಹೊರಡಬೇಕು. ಹಿಂತಿರುಗಿ ಬಂದ ಮೇಲೆ ಕಾಲು ತೊಳೆದು, ಬೇರೇನೂ ತಿನ್ನುವ ಮುಂಚೆ, ಆ ಮೊಸರಿನಲ್ಲಿ ಅನ್ನ ಕಲಸಿ ಉಣ್ಣಬೇಕು. ಅವರ ಬದಲು ಇನ್ನೊಬ್ಬರು ಹೆಪ್ಪು ಹಾಕುವ ಹಾಗಿಲ್ಲ, ಹೊರಡುವವರ ಕೈಯೇ ಆಗಬೇಕು. ಇದು ಯಾವ ಶಾಸ್ತ್ರದಲ್ಲಿದೆ ಎಂದು ಮದುವೆಯಾದ ಹೊಸತರಲ್ಲಿ ಅತ್ತೆಯವರನ್ನು ಕೇಳಿದ್ದೆ. ಅಳಿಯನನ್ನು ಅವರು ತಮಿಳರ ಹಾಗೆ ಮಾಪ್ಪಿಳ್ಳೆ ಎಂದೇ ಕರೆಯುತ್ತಿದ್ದರು. "ಶಾಸ್ತ್ರದಲ್ಲಿ ಇಲ್ಲ ಮಾಪ್ಪಿಳ್ಳೆ, ಅಡುಗೆಮನೇಲಿ ಇದೆ. ಹಾಲು ಮನೇಲಿ ಕಾಯ್ತಾ ಇದ್ರೆ ಹೋದವರು ಬರಲೇಬೇಕು ತಾನೇ?" ಎಂದಿದ್ದರು. ಮಂಡ್ಯದ ಕಡೆಯಿಂದ ಬಂದ ನನಗೆ ಅದು ಬರೀ ಬಡಾಯಿಯಾಗಿ ಕಂಡಿತ್ತು. ನಮ್ಮ ಮನೆಯಲ್ಲಿ ಯಾರಾದರೂ ಹೊರಟರೆ ಅವರ ಪಾಲಿನ ಹಾಲನ್ನು ಉಳಿದವರು ಕುಡಿದುಬಿಡುತ್ತಿದ್ದರು.

ಫ್ರಿಜ್ ಇಲ್ಲವೇ ಎಂದು ನೀವು ಕೇಳುತ್ತೀರಿ. ಇದೆ. ಆದರೆ ಹೆಪ್ಪು ಹಾಕಿದ ಹಾಲನ್ನು ಆಗಲೇ ಫ್ರಿಜ್ಜಿಗೆ ಇಟ್ಟರೆ ಅದು ಅತ್ತ ಹಾಲೂ ಅಲ್ಲದೆ ಇತ್ತ ಮೊಸರೂ ಆಗದೆ ಕುಳಿತಿರುತ್ತದೆ. ಹೊರಗಿಟ್ಟರೆ ಗಟ್ಟಿಯಾಗುತ್ತದೆ, ಆದರೆ ಗಟ್ಟಿಯಾದ ಮೇಲೆ ಒಳಗಿಡಲು ಮನೆಯಲ್ಲಿ ಜನ ಬೇಕಲ್ಲ, ಅವರು ಮಹಾಬಲಿಪುರದಲ್ಲಿ ಕಡಲೆಕಾಯಿ ತಿನ್ನುತ್ತಿರುತ್ತಾರೆ. ಹಾಗಾಗಿ ರುಕ್ಕು ಪ್ರವಾಸಕ್ಕೆಂದೇ ಬೇರೆ ಲೆಕ್ಕದಲ್ಲಿ ಹೆಪ್ಪು ಹಾಕುತ್ತಾಳೆ. ಹಾಲು ಬೆಚ್ಚಗೂ ಇರಬಾರದು, ತಣ್ಣಗೂ ಇರಬಾರದು. ಹೆಪ್ಪು ಒಂದೇ ತೊಟ್ಟು. ಪಾತ್ರೆಯನ್ನು ನೀರು ತುಂಬಿದ ಬೇಸನ್ನಿನಲ್ಲಿ ಕೂರಿಸಿ ಕಿಟಕಿಯ ಪಕ್ಕ ಇಡುತ್ತಾಳೆ. ಇಷ್ಟೆಲ್ಲ ಮಾಡಿದರೂ ಚೆನ್ನೈಯ ಸೆಕೆ ಎರಡನೇ ದಿನದ ಸಂಜೆಯವರೆಗೆ ಮಾತ್ರ ಸಹಿಸಿಕೊಳ್ಳುತ್ತದೆ. ಆಮೇಲಿನದು ಮೊಸರಲ್ಲ, ಶಿಕ್ಷೆ. ಲೋಕದಲ್ಲಿ ಗಂಡ ಹೆಂಡತಿ ಕಾಶ್ಮೀರ, ಸಿಂಗಪುರ ನೋಡಿ ಬರುತ್ತಾರೆ. ನಾವು ಕಾಂಚೀಪುರ, ಏಲಗಿರಿ, ಪುದುಚೇರಿ ಎಂದು ಮೊಸರು ಹುಳಿಯಾಗುವುದರೊಳಗೆ ಸುತ್ತಿ ಬರುವಷ್ಟೇ ದೊಡ್ಡ ಭೂಮಂಡಲದಲ್ಲಿ ಇಷ್ಟು ವರ್ಷ ಕಳೆದೆವು.

ಈ ಪುಟ್ಟ ಭೂಮಂಡಲದ ಬಗ್ಗೆಯಾದರೂ ನಮ್ಮಿಬ್ಬರಿಗೆ ಒಮ್ಮತವಿದೆಯೇ ಎಂದರೆ ಅದೂ ಇಲ್ಲ. ಪುದುಚೇರಿಯ ಕಡಲ ದಂಡೆಯಲ್ಲಿ ಚಪ್ಪಲಿ ಕಳೆದುಕೊಂಡಿದ್ದು ನಾನು ಎಂದು ಅವಳು, ಅವಳು ಎಂದು ನಾನು. ಏಲಗಿರಿಯಲ್ಲಿ ಮಗಳು ಅನಘಾಗೆ ಜ್ವರ ಬಂದಿತ್ತೆಂದು ನಾವಿಬ್ಬರೂ ಒಪ್ಪುತ್ತೇವೆ. ಅಪರೂಪದ ಈ ಒಪ್ಪಂದವನ್ನು ಅನಘಾಳೇ ಮುರಿದು, "ಅಪ್ಪಾ, ನಾನು ಆ ಟ್ರಿಪ್ಪಿಗೆ ವರವೇ ಇಲ್ಲೈ, ಪಾಟಿ ವೀಟ್ಲ ಇರುಂದೇನ್" ಎಂದು ತಾನು ಅಜ್ಜಿಯ ಮನೆಯಲ್ಲಿದ್ದುದಾಗಿ ಹೇಳುತ್ತಾಳೆ. ಹಾಗಾದರೆ ನಾವು ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಯಾರಿಗೆ? ನೆನಪೂ ಹಾಲಿನ ಹಾಗೆಯೇ ಇರಬೇಕು. ಯಾರೋ ಒಂದು ತೊಟ್ಟು ಮಾತು ಬಿಟ್ಟರೆ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಅದನ್ನು ಮತ್ತೆ ಹಾಲು ಮಾಡಲು ಬರುವುದಿಲ್ಲ. ಆದ್ದರಿಂದ ಮುಂದೆ ಹೇಳುವುದನ್ನೂ ನೀವು ಸ್ವಲ್ಪ ಅನುಮಾನದಿಂದಲೇ ಓದಿ. ನಾನೂ ಹಾಗೇ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ರುಕ್ಕುವಿನ ಎಡ ಎದೆಯಲ್ಲಿ ಒಂದು ಗಂಟು ಕಂಡಿತು. ನುಂಗಂಬಾಕ್ಕಂನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಒಂದು ಚೂರು ತೆಗೆದುಕೊಂಡರು. ರಿಪೋರ್ಟಿಗೆ ಮೂರು ನಾಲ್ಕು ದಿನ ಹಿಡಿಯುತ್ತದೆ, ಫೋನಿಗೆ ಬರುತ್ತದೆ ಎಂದರು. ಮೊದಲ ದಿನವನ್ನು ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಅವಳ ಫೋನನ್ನು ನಾನು, ನನ್ನನ್ನು ಅವಳು ನೋಡುತ್ತಾ ಕಳೆದೆವು. ಮಾರನೆಯ ದಿನ ಅವಳೇ ಅಂದಳು.

"ರೀ, ಇಲ್ಲಿ ಕೂತು ಈ ಫೋನಿಗೆ ಕಾವಲು ಕಾಯೋದಕ್ಕೆ ಬದಲು ಎಲ್ಲಾದರೂ ಹೋಗಿ ಬರೋಣ."

"ಎಲ್ಗೆ ಹೋಗದು ಈ ಬಿಸ್ಲಲ್ಲಿ?"

"ತಿರುಕ್ಕಳುಕುಂಡ್ರಂಗೆ. ಹದ್ದು ನೋಡಿದ್ವಲ್ಲ, ಆ ಬೆಟ್ಟಕ್ಕೆ."

ನೋಡಿರಲಿಲ್ಲ. ಇದು ನಮ್ಮ ಜಗಳಗಳಲ್ಲೇ ಹಳೆಯದು. ಆ ಬೆಟ್ಟದ ಮೇಲಿನ ದೇವಸ್ಥಾನಕ್ಕೆ ನಡು ಮಧ್ಯಾಹ್ನದ ಹೊತ್ತಿಗೆ ಎರಡು ಹದ್ದುಗಳು ಬಂದು, ಅರ್ಚಕರು ಇಟ್ಟ ಸಕ್ಕರೆ ಪೊಂಗಲು ತಿಂದು ಹೋಗುತ್ತಿದ್ದವಂತೆ. ಹದ್ದು ಎನ್ನುವುದು ಗೌರವದ ಮಾತು. ಪಕ್ಷಿ ಬಲ್ಲವರ ಪ್ರಕಾರ ಅವು ಬಿಳಿ ರಣಹದ್ದುಗಳು. ಭಕ್ತರ ಪ್ರಕಾರ ಯುಗಯುಗಗಳಿಂದ ಬರುತ್ತಿದ್ದ ಶಾಪಗ್ರಸ್ತ ಋಷಿಗಳು. ಬೆಳಿಗ್ಗೆ ಗಂಗೆಯಲ್ಲಿ ಮುಳುಗಿ, ಮಧ್ಯಾಹ್ನ ಇಲ್ಲಿ ಉಂಡು, ಸಂಜೆ ರಾಮೇಶ್ವರಕ್ಕೆ ಹೋಗುವ ಅವುಗಳ ದಿನಚರಿ ಕೇಳಿದಾಗೆಲ್ಲ ನನಗೆ ಅಸೂಯೆ. ದೇಶದಲ್ಲಿ ಅದಕ್ಕಿಂತ ಉದ್ದದ ಒಂದು ದಿನದ ಪ್ರವಾಸ ಮಾಡಿದ ಜೋಡಿ ಇನ್ನೊಂದಿಲ್ಲ. ಆಮೇಲೆ ಯಾವತ್ತೋ ಅವು ಬರುವುದು ನಿಂತುಹೋಯಿತು. ನಮ್ಮ ಮದುವೆಯ ವರ್ಷ ನಾವು ಬೆಟ್ಟ ಹತ್ತಿದಾಗ ಆಗಲೇ ನಿಂತಿತ್ತು ಎಂಬುದು ನನ್ನ ವಾದ. "ನಾ ಕಣ್ಣಾರೆ ನೋಡಿದೀನಿ. ಎರಡೂ ಬಂತು, ತಿಂತು, ಹೋಯ್ತು. ನೀವು ಅತ್ತ ತಿರುಗಿಕೊಂಡು ಬೆವರು ಒರೆಸ್ತಾ ಇದ್ರಿ" ಎಂಬುದು ಅವಳದು.

ಹೊರಡುವ ಬೆಳಿಗ್ಗೆ ನಾನು ಒಂದನ್ನೇ ಗಮನಿಸುತ್ತಿದ್ದೆ. ರುಕ್ಕು ಯಾವಾಗಲೂ ಚೀಲ ಹೆಗಲಿಗೆ ಹಾಕಿಕೊಂಡ ಮೇಲೆ, ಕಟ್ಟಕಡೆಗೆ, ಅಡುಗೆಮನೆಗೆ ಹೋಗಿ ಹೆಪ್ಪು ಹಾಕುತ್ತಾಳೆ. ಅವತ್ತು ಚೀಲ ಹೆಗಲಿಗೆ ಹೋಯಿತು, ಕನ್ನಡಿಯ ಮುಂದೆ ಕುಂಕುಮವಾಯಿತು, ಅಡುಗೆಮನೆಯ ಕಡೆ ಅವಳು ತಿರುಗಲಿಲ್ಲ. ಮರೆತಳು ಎಂದು ನನಗೆ ಅನ್ನಿಸಲಿಲ್ಲ. ಬೇಕೆಂದೇ ಬಿಟ್ಟಳು ಎನ್ನಿಸಿತು. ಅವಳು ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದಾಗ ನಾನು ಒಳಗೆ ಹೋಗಿ, ಬೇಸನ್ನಿನ ನೀರಿನಲ್ಲಿ ಹಾಲನ್ನು ಬರೀ ಆರಲು ಇಟ್ಟಿದ್ದಾಳೆ ಎಂದುಕೊಂಡು, ಆ ಪಾತ್ರೆಗೆ ಹಳೆ ಮೊಸರಿನಿಂದ ತುಂಬು ಚಮಚ ಹಾಕಿ ಕಲಕಿ ಬಂದೆ. ಹೊರಡುವವರ ಕೈ ಎಂದರೆ ನನ್ನದೂ ಹೊರಡುವ ಕೈಯೇ ತಾನೇ.

ಮಹಾಬಲಿಪುರದಲ್ಲಿ ರಾತ್ರಿ ಉಳಿದು, ಮರುದಿನ ಬಸ್ಸಿನಲ್ಲಿ ಹೋಗಿ ಬೆಟ್ಟ ಹತ್ತಿದೆವು. ಮೆಟ್ಟಿಲು ಮೆಟ್ಟಿಲಿಗೂ ನಾನೇ ಹೊರುತ್ತೇನೆಂದು ಅವಳ ಚೀಲಕ್ಕೆ ಕೈ ಹಾಕುತ್ತಿದ್ದೆ.

"ಬಿಡಿ ರೀ. ರಿಪೋರ್ಟ್ ಬರೋವರೆಗೂ ನಂಗೇನೂ ಆಗಿಲ್ಲ."

ಮೇಲೆ ಬಂಡೆ ಕಾದಿತ್ತು. ಹದ್ದು ಬರುವುದಿಲ್ಲವೆಂದು ಗೊತ್ತಿದ್ದೂ ನಡು ಮಧ್ಯಾಹ್ನಕ್ಕೆ ಅಲ್ಲಿದ್ದವರೆಲ್ಲ ಒಮ್ಮೆ ತಲೆಯೆತ್ತಿ ಆಕಾಶ ನೋಡಿದರು. ಅಥವಾ ನಾವಿಬ್ಬರೇ ನೋಡಿದೆವೋ. ಒಂದು ಕಾಗೆ ಬಂತು. ನಾನು, "ನೋಡು, ಬಂತು ನಿನ್ ಋಷಿ" ಎಂದೆ. ಅವಳು ನಗಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಲೇ ಕೇಳಿದಳು.

"ಅವು ಬರೋದು ನಿಲ್ಲಿಸಿದ್ದು ಎರಡೂ ಒಟ್ಟಿಗೇನಾ? ಇಲ್ಲಾ, ಒಂದು ಮೊದಲು ನಿಲ್ಲಿಸ್ತಾ?"

"ಗೊತ್ತಿಲ್ಲ ಕಣೇ."

"ಆಮೇಲೆ ಒಂದೇ ಬಂದಿದ್ರೆ, ಪಾವಂ, ಎಷ್ಟು ಪೊಂಗಲ್ ಇಟ್ಟಿರ್ತಾರೋ."

ಇದಕ್ಕೆ ನಾನು ಏನೋ ಉತ್ತರ ಕೊಟ್ಟೆ. ಒಳ್ಳೆಯ ಮಾತನ್ನೇ ಆಡಿದೆನೆಂದು ಬಹಳ ದಿನ ನಂಬಿದ್ದೆ. ಈಚೆಗೆ ಅವಳನ್ನು ಕೇಳಿದರೆ, "ನೀವು ಏನೂ ಹೇಳಲಿಲ್ಲ, ನೀರಿನ ಬಾಟಲ್ ಕೊಟ್ರಿ ಅಷ್ಟೇ" ಎನ್ನುತ್ತಾಳೆ. ಈ ಒಂದು ವಿಷಯದಲ್ಲಿ ಅವಳದೇ ನಿಜವಿರಲಿ.

ಚೆಂಗಲ್ಪಟ್ಟಿನಿಂದ ಕ್ರೋಂಪೇಟೆಗೆ ಲೋಕಲ್ ರೈಲು. ಅರ್ಧ ದಾರಿಯಲ್ಲಿ ಅವಳ ಫೋನು ಸದ್ದು ಮಾಡಿತು. ರಿಪೋರ್ಟು ಸಿದ್ಧವಿದೆ, ಇಲ್ಲಿ ಒತ್ತಿ ನೋಡಿ ಎಂಬ ಸಂದೇಶ. ಅವಳು ಅದನ್ನು ಓದಿ, ಫೋನನ್ನು ಮಡಿಲಲ್ಲಿ ಮಗುಚಿ ಹಾಕಿದಳು. "ಮನೆಗೆ ಹೋಗಿ, ಕಾಲು ತೊಳೆದು, ಊಟ ಮಾಡಿ, ಆಮೇಲೆ" ಎಂದಳು. ಅಷ್ಟರಲ್ಲಿ ರಿಪೋರ್ಟು ಬಂತೇ ಎಂದು ಕೇಳಲು ಕೊಯಮತ್ತೂರಿನ ಹಾಸ್ಟೆಲಿನಿಂದ ಅನಘಾಳ ಫೋನು. "ಅಮ್ಮಾ, ರಿಪೋರ್ಟ್ ವಂದಾಚ್ಚಾ?"

"ಇನ್ನೂ ಊಟ ಆಗಿಲ್ಲ ಕಣೇ" ಎಂದಳು ರುಕ್ಕು.

ಆಗ ನನಗೆ ಸಮಾಧಾನವಾಯಿತು, ಯಾಕೆಂದರೆ ಮನೆಯಲ್ಲಿ ನಾನು ಹಾಕಿದ ಹೆಪ್ಪು ಇತ್ತು. ಕೂಡಲೇ ಭಯವೂ ಆಯಿತು. ಮೊಸರಿಲ್ಲವೆಂದು ತಿಳಿದೇ, ಆ ಊಟ ಆಗುವುದೇ ಇಲ್ಲವೆಂದೇ ಇವಳು ಊಟ ಎನ್ನುತ್ತಿದ್ದರೆ?

ಮನೆಗೆ ಬಂದು ಅವಳು ಕುಕ್ಕರ್ ಇಟ್ಟಳು. ಅನ್ನ ಆರಿದ ಮೇಲೆ ಪಾತ್ರೆಯ ಮುಚ್ಚಳ ತೆಗೆದಳು. ಹುಳಿ ವಾಸನೆ ಹಾಲಿನವರೆಗೂ ಬಂತು, ಅಂದರೆ ನಾನು ಕುಳಿತಿದ್ದ ಕೋಣೆಯವರೆಗೂ. ನೀರು ಒಡೆದು ಬೇರೆಯಾಗಿ, ಮೊಸರು ನಡುವೆ ಬಿರುಕು ಬಿಟ್ಟು ನಿಂತಿತ್ತು.

"ಅಯ್ಯೋ, ಇದೇನಿದು! ನಾನು ಒಂದು ತೊಟ್ಟು ತಾನೇ ಹಾಕಿದ್ದು?"

"ನೀನೂ ಹಾಕಿದ್ದಾ?"

ಅವಳು ತಿರುಗಿ ನೋಡಿದಳು. "ನೀನೂ ಅಂದ್ರೆ?"

ನಾನು ಸ್ನಾನಕ್ಕೆ ಹೋಗಿದ್ದಾಗಲೇ ಅವಳು ಹಾಕಿ ಮುಗಿಸಿದ್ದಳು. ಯಾವಾಗಿನ ಹಾಗೆ ಕಡೆಗೆ ಹಾಕಲು ಹೋದರೆ ಕೈ ನಡುಗಬಹುದು, ನಾನು ಅದನ್ನು ನೋಡಬಹುದು ಎಂದು ಬೇಗ ಹಾಕಿದಳಂತೆ. ನಾನು ಕಲಕಿದ ಹಾಲಿಗೆ ಆಗಲೇ ಹೆಪ್ಪು ಬಿದ್ದಿತ್ತು. ಎರಡು ಕೈ, ಒಂದು ಪಾತ್ರೆ, ಮೇ ತಿಂಗಳು.

ಆ ಹುಳಿಯನ್ನು ಇಬ್ಬರೂ ಅನ್ನಕ್ಕೆ ಕಲಸಿ, ಮಾವಿನ ಉಪ್ಪಿನಕಾಯಿ ನಂಚಿಕೊಂಡು, ಮುಖ ಕಿವುಚಿಕೊಂಡು ಪೂರ್ತಿ ಉಂಡೆವು. ಇದನ್ನು ಬೇರೆಯವರಿಗೆ ಹೇಳುವಾಗ ನಾವು ಬಿದ್ದು ಬಿದ್ದು ನಕ್ಕೆವು ಎಂದು ಹೇಳುತ್ತೇನೆ. ಅವಳು, ತಾನು ಅತ್ತಿದ್ದೆ ಎನ್ನುತ್ತಾಳೆ. ಕಣ್ಣಲ್ಲಿ ನೀರಿದ್ದದ್ದು ಇಬ್ಬರಿಗೂ ನೆನಪಿದೆ. ಖಾರವೋ, ಹುಳಿಯೋ, ನಗುವೋ, ತೀರ್ಮಾನವಾಗಿಲ್ಲ. ಎರಡು ಹೆಪ್ಪಿನ ಈ ಕಥೆ ಇಷ್ಟು ಅಚ್ಚುಕಟ್ಟಾಗಿ ಬಂದು ಕೂತಿರುವುದರಿಂದಲೇ ನನಗೆ ಇದರ ಮೇಲೆ ಅನುಮಾನ. ಬರೀ ಸೆಕೆಗೇ ಹುಳಿಯಾಗಿದ್ದಿರಬಹುದು. ಆದರೆ ನಾಲಗೆಗೆ ಆ ಹುಳಿ ಚೆನ್ನಾಗಿ ನೆನಪಿದೆ, ಮತ್ತು ನಾಲಗೆ ನನ್ನಷ್ಟು ಕಥೆ ಕಟ್ಟುವುದಿಲ್ಲ.

ತಟ್ಟೆ ತೊಳೆದ ಮೇಲೆ ಫೋನು ನೋಡಿದೆವು. ನಾವು ಬೇಡಿಕೊಂಡ ಉತ್ತರ ಅದರಲ್ಲಿರಲಿಲ್ಲ.

ಈಗ ನಮ್ಮ ಪ್ರವಾಸ ಮೂರು ವಾರಕ್ಕೊಮ್ಮೆ, ನುಂಗಂಬಾಕ್ಕಂಗೆ. ಬೆಳಿಗ್ಗೆ ಹೋದರೆ ಔಷಧಿ ತೊಟ್ಟು ತೊಟ್ಟಾಗಿ ಅವಳ ಕೈಯೊಳಗೆ ಇಳಿದು ಮುಗಿಯುವಾಗ ಸಂಜೆ. "ಏನ್ರೀ, ಟೂರ್ ಹೊರಡೋಣವಾ?" ಎಂದು ಬೋಳು ತಲೆಗೆ ಹತ್ತಿಯ ವಸ್ತ್ರ ಕಟ್ಟಿಕೊಳ್ಳುತ್ತಾ ಕೇಳುತ್ತಾಳೆ. ಕಿಟಕಿಯ ಪಕ್ಕದ ಮಂಚ ಸಿಕ್ಕಿದರೆ ಹೋಟೆಲಿನಲ್ಲಿ ಕಡಲು ಕಾಣುವ ರೂಮು ಸಿಕ್ಕಿದವಳ ಹಾಗೆ ನನ್ನ ಕಡೆ ಹುಬ್ಬು ಹಾರಿಸುತ್ತಾಳೆ. ಇದು ಎಷ್ಟು ದಿನದ ಪ್ರವಾಸ ಎಂದು ನಾವು ಡಾಕ್ಟರನ್ನು ಕೇಳಿದ್ದೇವೆ. ನೋಡೋಣ ಎಂದಿದ್ದಾರೆ. ಔಷಧಿಯಿಂದ ಅವಳ ಬಾಯೆಲ್ಲ ಹುಣ್ಣು. ಮೊಸರು ತಿನ್ನಬಹುದು, ಹುಳಿ ಮಾತ್ರ ತಾಗಬಾರದು.

ಆದ್ದರಿಂದ ಹೆಪ್ಪು ಈಗ ನಿಜವಾಗಿಯೂ ಒಂದೇ ತೊಟ್ಟು. ಹೊರಡುವವರು ಇಬ್ಬರು. ಯಾರು ಹಾಕಬೇಕು ಎಂಬ ಪ್ರಶ್ನೆಗೆ ಅತ್ತೆಯವರು ಉತ್ತರ ಹೇಳಿ ಹೋಗಿಲ್ಲ. ನಾವೇ ಒಂದು ದಾರಿ ಮಾಡಿಕೊಂಡಿದ್ದೇವೆ. ಚೀಲ ಹೆಗಲಿಗೆ ಹಾಕಿಕೊಂಡ ಮೇಲೆ ಇಬ್ಬರೂ ಅಡುಗೆಮನೆಗೆ ಹೋಗುತ್ತೇವೆ. ಅವಳು ಚಮಚದ ತುದಿಯಿಂದ ಅರ್ಧ ತೊಟ್ಟು ಬಿಟ್ಟು ಚಮಚವನ್ನು ನನಗೆ ಕೊಡುತ್ತಾಳೆ. ನಾನು ಉಳಿದರ್ಧ ಬಿಟ್ಟು ಕಲಕುತ್ತೇನೆ. ಕೈ ಯಾರದು ನಡುಗಿತು ಎಂದು ಯಾರೂ ನೋಡುವುದಿಲ್ಲ.

ಆಟೋದವನು ಕೆಳಗೆ ಹಾರನ್ ಹೊಡೆಯುತ್ತಿರುತ್ತಾನೆ. ರುಕ್ಕು ಮುಚ್ಚಳ ಮುಚ್ಚುವ ಮುಂಚೆ ಪಾತ್ರೆಯೊಳಗೆ ಬಗ್ಗಿ ನೋಡುತ್ತಾಳೆ.

"ನಿಮ್ಮ ಅರ್ಧ ಯಾವಾಗಲೂ ಜಾಸ್ತೀನೇ ಇರುತ್ತೆ ರೀ."