ಅಮ್ಮನ ಮಾತ್ರೆ ಅರ್ಧ ಮಾಡಿದವಳು

ಬಿ.ಎಸ್ಸಿ. ಮಾಡಿದವಳು ಎಂಬ ಅಹಂಕಾರ ಇತ್ತಲ್ಲ ನನಗೆ, ಅದಕ್ಕೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅಮ್ಮನಿಗೆ ಥೈರಾಯ್ಡ್ ಕಡಿಮೆಯೆಂದು ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದಿದ್ದರು. ಕಳೆದ ವರ್ಷ ರಕ್ತಪರೀಕ್ಷೆಯ ವರದಿ ನನ್ನ ಫೋನಿಗೆ ಬಂತು. ಟಿಎಸ್‌ಎಚ್ ಎಂದು ಬರೆದಲ್ಲಿ ಮೇಲಕ್ಕೆ ಕೆಂಪು ಬಾಣ. ಓಹೋ, ಥೈರಾಯ್ಡ್ ಹೆಚ್ಚಾಯಿತು, ಮಾತ್ರೆ ಜಾಸ್ತಿಯಾಗಿದೆ ಎಂದು ನಾನೇ ತೀರ್ಪು ಕೊಟ್ಟೆ. ಯಾರನ್ನೂ ಕೇಳಲಿಲ್ಲ. ಮಾರನೆಯ ದಿನದಿಂದ ಮಾತ್ರೆಯನ್ನು ಚೂರಿಯಲ್ಲಿ ಕತ್ತರಿಸಿ ಅರ್ಧವನ್ನಷ್ಟೇ ಕೊಟ್ಟೆ.

ಅಮ್ಮ ನಮ್ಮ ಕಡಲತಡಿಯ ಊರು ಕೋಡಿಯಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಮೂರು ತಿಂಗಳಲ್ಲಿ ಅವಳ ಮುಖ ಊದಿತು, ಸ್ವರ ಬಿದ್ದುಹೋಯಿತು. ಬೆವರು ಸುರಿಯುವ ಸೆಕೆಯಲ್ಲೂ ಶಾಲು ಹೊದ್ದು ಕೂರುತ್ತಿದ್ದಳು.

"ಸಾಕಾತ್ತ್ ಹೆಣೆ, ಕಾಲ್ ಎತ್ತುಕೇ ಆತಿಲ್ಲ" ಎಂದು ಸುಸ್ತಾಗಿ ನನ್ನೊಡನೆ ಅನ್ನುತ್ತಿದ್ದಳು.

"ಕೂತಲ್ಲೇ ಕೂತ್ರೆ ಇನ್ನೆಂತ ಆತ್ತ್? ಸೋಮಾರಿತನ" ಎಂದು ನಾನು ರೇಗುತ್ತಿದ್ದೆ.

ಮತ್ತೆ ಪರೀಕ್ಷೆ ಮಾಡಿಸಿದೆ. ಸಂಖ್ಯೆ ಇನ್ನೂ ಮೇಲೆ! ಮಾತ್ರೆಯನ್ನೇ ನಿಲ್ಲಿಸಲು ಹೊರಟವಳು, ಒಂದು ಮಾತು ಕೇಳಿಬಿಡುವ ಎಂದು ಅಮ್ಮನನ್ನು ಕೋಟೇಶ್ವರಕ್ಕೆ, ಆ ಡಾಕ್ಟರ ಬಳಿಗೇ ಕರೆದೊಯ್ದೆ. ವರದಿಯನ್ನೂ ನನ್ನ ಚೀಲದಲ್ಲಿದ್ದ ಅರ್ಧ ಮಾತ್ರೆಗಳನ್ನೂ ನೋಡಿ ಅವರು ಮುಖ ಗಂಟಿಕ್ಕಿದರು.

"ಮಾತ್ರೆ ಕಡ್ಮಿ ಮಾಡಿದ್ದ್ ಯಾರ್?"

"ನಾನೇ" ಎಂದೆ.

"ಟಿಎಸ್‌ಎಚ್ ಅಂದ್ರೆ ಥೈರಾಯ್ಡ್ ಅಲ್ಲ ಮಾರಾಯ್ತಿ. ಅದ್ ಮಿದುಳಿನ ಬುಡದಿಂದ ಕುತ್ತಿಗೆಯ ಗ್ರಂಥಿಗೆ ಹೋಪ ಕೂಗ್. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಸಾಕಷ್ಟ್ ಇದ್ರೆ ಕೂಗ್ ಇಳಿತ್ತ್. ಇಲ್ದಿದ್ರೆ, ನಾವ್ ಹ್ವಾಯ್ ಹ್ವಾಯ್ ಅಂತ ಕರೆದಾಂಗೆ, ಮತ್ತೂ ಜೋರಾತ್ತ್. ಕೂಗ್ ಜೋರಾಯ್ತ್ ಅಂತ ನೀನ್ ಇದ್ದದ್ದನ್ನೂ ಕಿತ್ಕಂಡೆ."

ಮೈಯೆಲ್ಲ ಉರಿಯಿತು. ಅರ್ಥ ಹೇಳದೆ ಬರೀ ಬಾಣ ಹಾಕಿ ಕಳಿಸಿದವರ ಮೇಲೆ ಸಿಟ್ಟು, ಮೂರು ವರ್ಷ ಓದಿದ ಆ ಡಿಗ್ರಿಯ ಮೇಲೆ ಸಿಟ್ಟು, ಎಲ್ಲಕ್ಕಿಂತ ನನ್ನ ಮೇಲೆ. ಅಮ್ಮನ ಮೈ ತನ್ನ ಕೊರತೆಯನ್ನು ತಾನೇ ಅರಿತು, ಸರಿಮಾಡಿಕೊಳ್ಳಲು ದಿನವೂ ಹೆಣಗುತ್ತಿತ್ತು. ನಾನು ಅದಕ್ಕೆ ಅಡ್ಡ ನಿಂತು ಬೀಗುತ್ತಿದ್ದೆ.

ಡಾಕ್ಟರು ಸದ್ಯಕ್ಕೆ ಇಡೀ ಮಾತ್ರೆಯನ್ನೇ ಮತ್ತೆ ಬರೆದುಕೊಟ್ಟು, ಆರು ವಾರ ಬಿಟ್ಟು ಪರೀಕ್ಷೆ ಮಾಡಿ ಬೇಕಾದರೆ ಹೆಚ್ಚಿಸುವ ಎಂದರು. ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಅಮ್ಮನಿಗೆ ಏದುಸಿರು ಬಂತು. ಕಟ್ಟೆಯ ಮೇಲೆ ಕೂತಳು.

"ತಪ್ಪಾಯ್ತ್ ಅಮ್ಮ. ನಂಗೆ ಗೊತ್ತಾಯ್ಲಿಲ್ಲ" ಎಂದೆ.

"ಗೊತ್ತಾಯ್ಲಿಲ್ಯಾ?" ಎಂದಳು, ಆ ಒಡಕು ಸ್ವರದಲ್ಲಿ. "ನಾನ್ ದಿನಾ ಹೇಳ್ತಾ ಇದ್ದೆ."