ಮಂದಿ ಮನೆ ಕಾಣುವ ಕೋಣೆ

ಹುಟ್ಟಿ ಬೆಳೆದ ಊರಿನಲ್ಲಿ ಹೋಟೆಲು ಹುಡುಕುವ ಕಾಲ ನನಗೆ ನಲವತ್ತು ದಾಟಿದ ಮೇಲೆ ಬಂತು. ಹೈದರಾಬಾದಿನ ವಿಮಾನಗಳು ಆಗಿನ್ನೂ ಬೇಗಂಪೇಟೆಯಿಂದಲೇ ಏಳುತ್ತಿದ್ದವು. ನಮ್ಮ ಅಪ್ಪ ಆ ಊರಿನ ಪೂರ್ವದಂಚಿನಲ್ಲಿದ್ದ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನನ್ನ ಶಾಲೆ, ನನ್ನ ಮೊದಲ ಸೈಕಲ್ಲು, ಹಬ್ಬದ ಮುಂಚಿನ ಭಾನುವಾರಗಳಲ್ಲಿ ಸುಲ್ತಾನ್ ಬಜಾರಿನ ಗದ್ದಲದಲ್ಲಿ ಅವ್ವನ ಸೆರಗು ಹಿಡಿದು ನಡೆದದ್ದು, ಎಲ್ಲವೂ ಅಲ್ಲಿಯದೇ. ಅಪ್ಪನಿಗೆ ನಿವೃತ್ತಿಯಾಯಿತು. ಕ್ವಾರ್ಟರ್ಸಿನ ಕೀಲಿ ವಾಪಸು ಕೊಟ್ಟು ಧಾರವಾಡಕ್ಕೆ ಬಂದೆವು. ಅಲ್ಲಿಗೆ ಆ ಊರಿನಲ್ಲಿ ನಮ್ಮದೆನ್ನುವ ಬಾಗಿಲು ಇಲ್ಲದಂತಾಯಿತು. ಕಾಚಿಗುಡದಲ್ಲಿದ್ದ ಚಿಕ್ಕಪ್ಪನ ಹೆಂಡತಿ ಕಾಕುವೂ ಮನೆ ಮಾರಿ ಮಗಳ ಹತ್ತಿರ ಪುಣೆಗೆ ಹೋದಳು.

ಧಾರವಾಡದಲ್ಲಿ ನನಗೊಂದು ಸರ್ಕಾರಿ ಕಚೇರಿಯ ಕೆಲಸವಿತ್ತು. ಬಡ್ತಿ ಕೊಡುವ ಮುಂಚೆ ಮೂರು ವಾರದ ತರಬೇತಿಗೆ ಹೈದರಾಬಾದಿಗೆ ಕಳಿಸಿದರು. ತರಬೇತಿ ಕೇಂದ್ರಕ್ಕೆ ಹಾಸ್ಟೆಲ್ಲೇನೋ ಇತ್ತು, ಆದರೆ ಗಂಡಸರಿಗೆ ಮಾತ್ರ. ತಂಡದಲ್ಲಿದ್ದ ಇನ್ನಿಬ್ಬರು ಹೆಂಗಸರಿಗೆ ಊರಿನಲ್ಲಿ ನೆಂಟರಿದ್ದರು. ‘ನೀವು ಇಲ್ಲಿಯವರೇ ಅಲ್ಲವೇ, ನಿಮಗೇನು ತೊಂದರೆ?’ ಎಂದರು ಅಲ್ಲಿಯ ಅಧಿಕಾರಿ. ಹೌದೆಂದು ತಲೆಯಾಡಿಸಿದೆ. ಬೇರೇನು ಹೇಳಲಿ?

ಸ್ಟೇಷನ್ನಿನಲ್ಲಿ ಪೆಟ್ಟಿಗೆ ಇಟ್ಟು ಮೊದಲು ಸುಲ್ತಾನ್ ಬಜಾರಿಗೆ ಹೋದೆ. ಪರಿಚಯದ ಜಾಗ, ಊಟ ತಿಂಡಿಗೆ ಅನುಕೂಲ, ಬಸ್ಸೂ ಹತ್ತಿರ ಎಂಬ ಲೆಕ್ಕಾಚಾರ. ಬಟ್ಟೆ ಅಂಗಡಿಗಳ ಮೇಲಿನ ಲಾಡ್ಜಿನ ಕೌಂಟರಿನಲ್ಲಿದ್ದವನು ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದ.

‘ಸಾಥ್ ಮೇ ಕೌನ್ ಹೈ ಅಮ್ಮಾ?’

ಜೊತೆಯಲ್ಲಿ ಯಾರೂ ಇಲ್ಲವೆಂದೆ.

‘ರೂಮ್ ನಹೀ ಹೈ. ಫ್ಯಾಮಿಲಿ ಕೋ ಇಚ್ ದೇತೆ.’

ಸಂಸಾರಸ್ಥರಿಗೆ ಮಾತ್ರ ಕೊಡುವುದಂತೆ. ಅವನ ಬೆನ್ನ ಹಿಂದಿನ ಹಲಗೆಯಲ್ಲಿ ಕೀಲಿಗಳು ಸಾಲಾಗಿ ತೂಗುತ್ತಿದ್ದವು. ಅವನು ಒರಟನೇನಲ್ಲ. ಬಿಸಿಲಲ್ಲಿ ಬಂದಿದ್ದೀರಿ ಎಂದು ನೀರನ್ನೂ ಕೊಟ್ಟ. ಕುಡಿದು ಮೆಟ್ಟಿಲಿಳಿದೆ. ಅಲ್ಲಿಯ ಇನ್ನೊಂದು ಲಾಡ್ಜಿನಲ್ಲೂ ಅದೇ ಪ್ರಶ್ನೆ, ಅದೇ ಉತ್ತರ.

ದಿಲ್‌ಸುಖ್‌ನಗರದಲ್ಲಿ ಹಾಗೆ ಕೇಳಲಿಲ್ಲ. ಕೋಚಿಂಗ್ ಕ್ಲಾಸಿಗೆ ಮಕ್ಕಳನ್ನು ಸೇರಿಸಲು ಬರುವ ತಾಯಂದಿರನ್ನು ನೋಡಿ ನೋಡಿ ಅವರಿಗೆ ಒಂಟಿ ಹೆಂಗಸರ ರೂಢಿಯಾಗಿತ್ತು. ಬಾಡಿಗೆ ಕಡಿಮೆ, ಹಾಸಿಗೆ ಚೊಕ್ಕ. ಆದರೆ ಕಿಟಕಿಯ ಮುಂದೆಯೇ ಯಾವುದೋ ಕೋಚಿಂಗ್ ಸೆಂಟರಿನ ದೊಡ್ಡ ಫಲಕದ ಬೆನ್ನು. ಹಗಲಲ್ಲೂ ದೀಪ ಹಾಕಬೇಕು. ‘ಮೂರು ವಾರ ಈ ತಗಡು ನೋಡ್ಕೊಂಡು ಹ್ಯಾಂಗಿರೂದು’ ಎಂದು ಗಟ್ಟಿಯಾಗಿಯೇ ಅಂದುಕೊಂಡೆ. ಒಬ್ಬಳೇ ಇದ್ದೂ ಇದ್ದೂ ಗೋಡೆಯ ಜೊತೆ ಮಾತಾಡುವುದು ನನಗೆ ಚಾಳಿಯಾಗಿಬಿಟ್ಟಿತ್ತು.

ಬೇಗಂಪೇಟೆಯಲ್ಲಿ ಹೋಟೆಲು ಸಿಗುವ ಹೊತ್ತಿಗೆ ಸಂಜೆಯಾಗಿತ್ತು. ಕಚೇರಿಗಳಿದ್ದ ಕಟ್ಟಡವೊಂದರ ಮೇಲಿನ ಎರಡು ಮಹಡಿಯಷ್ಟೇ ಹೋಟೆಲು. ತರಬೇತಿ ಕೇಂದ್ರಕ್ಕೆ ನಡೆದೇ ಹೋಗಬಹುದು. ಕನ್ನಡಕದ ಮ್ಯಾನೇಜರು ಮೊದಲು ಮುಂದಿನ ಕೋಣೆ ತೋರಿಸಿದರು. ಅಗಲವಾದ ಕಿಟಕಿ, ರಸ್ತೆಯಾಚೆ ವಿಮಾನ ನಿಲ್ದಾಣದ ಬಯಲು. ನಾವು ನಿಂತಿದ್ದಾಗಲೇ ಒಂದು ವಿಮಾನ ಸೂರ್ಯನ ಕಡೆಗೆ ಮೂತಿಯೆತ್ತಿ ಹಾರಿತು. ಮ್ಯಾನೇಜರು ತಾವೇ ಅದನ್ನು ಏರಿಸಿದವರಂತೆ ನನ್ನ ಮುಖ ನೋಡಿದರು. ಬಾಡಿಗೆ ಕೇಳಿದೆ. ಕಚೇರಿ ಕೊಡುವ ಭತ್ಯೆಗೆ ಅದು ಎಟುಕುವಂಥದಲ್ಲ.

‘ಹಿಂದಿನ ಕೋಣೆ ಅಗ್ಗ,’ ಎಂದರು ಅವರು ಹಿಂದಿಯಲ್ಲಿ, ಧ್ವನಿ ಇಳಿಸಿ. ‘ಆದರೆ ಅಲ್ಲಿಂದ ನೋಡಲಿಕ್ಕೆ ಏನಿಲ್ಲ. ಬರೀ ಮಂದಿಯ ಮನೆ.’

ಹಿಂದಿನ ಕೋಣೆಯನ್ನೇ ಹಿಡಿದೆ.

ಕಿಟಕಿಯ ಕೆಳಗೊಂದು ಓಣಿ. ಓಣಿಯಾಚೆ ಹಳೆಯ ಮಾಳಿಗೆ ಮನೆಯ ಹಿಂಬದಿ. ಅದರ ಮೇಲಿನ ವರಾಂಡದಲ್ಲಿ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಅಜ್ಜಿ. ಬೆಳಿಗ್ಗೆ ನಾನು ಹೊರಡುವಾಗಲೂ ಅಲ್ಲೇ, ಸಂಜೆ ಬಂದಾಗಲೂ ಅಲ್ಲೇ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮಧ್ಯವಯಸ್ಸಿನ ಹೆಂಗಸೊಬ್ಬಳು ಬಂದು ಅಜ್ಜಿಯ ಮಡಿಲಿಗೆ ಸೊಪ್ಪನ್ನೋ ಅವರೆಯನ್ನೋ ಹಾಕಿ ಹೋಗುತ್ತಿದ್ದಳು, ಅಜ್ಜಿ ಬಿಡಿಸುತ್ತ ಕೂಡುತ್ತಿದ್ದಳು. ಓಣಿಯ ತರಕಾರಿಯವನೊಡನೆ ಆ ಹೆಂಗಸಿನ ಮಾತು ತೆಲುಗು, ಇಸ್ತ್ರಿಯವನೊಡನೆ ಹಿಂದಿ. ಜೋಳದ ರೊಟ್ಟಿ ಅಲ್ಲಿ ಯಾರ ಮನೆಯಲ್ಲಿಲ್ಲ? ತೆಲುಗಿನವರು ಇರಬೇಕೆಂದುಕೊಂಡೆ.

ತರಬೇತಿಯಲ್ಲಿ ಹಗಲು ಕಳೆಯುತ್ತಿತ್ತು. ಐದು ಗಂಟೆಗೆ ಎಲ್ಲರೂ ಅವಸರವಾಗಿ ಚೀಲ ಹೆಗಲಿಗೇರಿಸುತ್ತಿದ್ದರು. ನನಗೊಬ್ಬಳಿಗೆ ಅವಸರವಿರಲಿಲ್ಲ. ಮೊದಲ ಭಾನುವಾರ ನಮ್ಮ ಹಳೆಯ ಕ್ವಾರ್ಟರ್ಸಿಗೆ ಹೋದೆ. ಗೇಟಿನ ಕಾವಲಿನವನು ಯಾರನ್ನು ನೋಡಬೇಕೆಂದು ಕೇಳಿದ. ಮನೆ ನೋಡಬೇಕೆಂದೆ. ಯಾರ ಮನೆ? ನಮ್ಮದಾಗಿತ್ತು ಎಂದೆ. ಅವನು ಪಾಪ, ಯಾರಾದರೊಬ್ಬರ ಹೆಸರು ಹೇಳಿ, ಒಳಗೆ ಬಿಡುತ್ತೇನೆ ಎಂದ. ಎಷ್ಟು ಯೋಚಿಸಿದರೂ ಈಗ ಅಲ್ಲಿರುವವರ ಒಂದು ಹೆಸರೂ ನನಗೆ ಹೊಳೆಯಲಿಲ್ಲ. ಬಂದ ಬಸ್ಸಿನಲ್ಲೇ ಹಿಂದಿರುಗಿದೆ.

ರಾತ್ರಿಯ ಊಟದ್ದೊಂದು ಕಷ್ಟ. ಹೋಟೆಲಿನ ಊಟದ ಕೋಣೆಯಲ್ಲಿ ಒಂಟಿ ಹೆಂಗಸು ಕೂತರೆ ಎಲ್ಲ ಮೇಜುಗಳೂ ಒಂದು ಗಳಿಗೆ ಸುಮ್ಮನಾಗುತ್ತಿದ್ದವು. ಎರಡು ದಿನ ಸಹಿಸಿಕೊಂಡೆ. ಆಮೇಲೆ ಬೇಕರಿಯಿಂದ ಬನ್ನು, ಬಾಳೆಹಣ್ಣು ತಂದು ಮಂಚದ ತುದಿಯಲ್ಲಿ ಕೂತು ತಿಂದು, ಬೇಗ ದೀಪ ಆರಿಸುವುದು ರೂಢಿಯಾಯಿತು. ಕತ್ತಲಲ್ಲಿ ಕೂತರೆ ಎದುರಿನ ಮನೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅಜ್ಜಿಯನ್ನು ಸೊಸೆಯೋ ಮಗಳೋ ತೋಳು ಹಿಡಿದು ಎಬ್ಬಿಸುವುದು, ಒಳಗೆ ತಾಟುಗಳ ಸದ್ದು, ಗಂಡಸೊಬ್ಬ ಜೋರಾಗಿ ಆಕಳಿಸುವುದು. ಅಷ್ಟೇ. ಆದರೂ ಅದನ್ನು ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ.

ಒಂದು ಸಂಜೆ ಓಣಿಯ ತುದಿಯ ಎಸ್‌ಟಿಡಿ ಬೂತಿನಿಂದ ಬೆಳಗಾವಿಯಲ್ಲಿದ್ದ ತಮ್ಮನಿಗೆ ಫೋನು ಮಾಡಿದೆ. ಬೂತಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ.

‘ಆರಾಮ ಅದೀಯಿಲ್ಲೋ ಅಕ್ಕ?’

‘ಭಾಳ ಆರಾಮ ಇದೀನಪ. ರೂಮ್ ಛಲೋ ಐತಿ. ಮಂದೀನೂ ಛಲೋ ಅದಾರ.’

‘ಊಟ ಆತೇನು?’

‘ಈಗ ಮುಗಿಸ್ಕೊಂಡs ಬಂದೆ. ಹೊಟ್ಟಿ ತುಂಬ ಉಂಡೆ.’

ಫೋನಿಟ್ಟು ತಿರುಗಿದರೆ ಆ ಎದುರುಮನೆಯ ಹೆಂಗಸು ತನ್ನ ಸರದಿಗಾಗಿ ನಿಂತಿದ್ದಾಳೆ. ನನ್ನ ಮುಖವನ್ನೇ ನೋಡಿದಳು.

‘ಎಲ್ಲಿ ಉಂಡ್ರಿ ನೀವು?’ ಅಂದಳು, ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ. ‘ಬನ್ ತಿಂದು ಮಲಗ್ತೀರಿ. ನಮ್ಮತ್ತಿ ದಿನಾ ಹೇಳಾಕತ್ತಾರ, ಆ ಹುಡುಗಿ ಇವತ್ತೂ ಉಣ್ಣಲಿಲ್ಲ ನೋಡು ಅಂತ.’

ಇಷ್ಟು ದಿನ ನಾನೊಬ್ಬಳೇ ನೋಡುತ್ತಿದ್ದೇನೆಂದು ತಿಳಿದಿದ್ದೆ.

‘ನಿಮಗ ಕನ್ನಡ ಬರ್ತೈತೇನ್ರಿ?’ ಎಂದು ಪೆದ್ದಿಯಂತೆ ಕೇಳಿದೆ.

‘ಬರ್ಲಾರದೇನ್ರಿ? ನಮ್ಮತ್ತಿ ಕಲಬುರ್ಗಿಯವರು. ಮಾವನವರು ಇಲ್ಲೇ ಸರ್ಕಾರಿ ನೌಕರಿಯೊಳಗಿದ್ರು. ಹೊರಗ ತೆಲುಗು, ಒಳಗ ನಮ್ಮ ಮಾತು. ನೀವೂ ಕನ್ನಡದವರು ಅಂತ ಗೊತ್ತಾಗಿದ್ರ ಆವತ್ತs ಕರೀತಿದ್ದೆ. ಈಗ ನಡೀರಿ, ರೊಟ್ಟಿ ಇನ್ನೂ ಬಿಸಿ ಅದಾವು.’

ಇವತ್ತು ಬೇಡ, ಭಾನುವಾರ ಬರುತ್ತೇನೆಂದು ಹೇಳಿ ತಪ್ಪಿಸಿಕೊಂಡೆ. ಆ ರಾತ್ರಿ ಮೊದಲ ಬಾರಿಗೆ ಪರದೆ ಎಳೆದೆ. ಬೇರೆಯವರ ಕಣ್ಣಿಗೆ ನಾನು ಹೇಗೆ ಕಂಡಿದ್ದೆನೋ ಎಂದು ನೆನೆದರೆ ಮಗ್ಗುಲು ಬದಲಿಸಿದರೂ ನಿದ್ದೆ ಬಾರದು. ಮುಂದಿನ ಕೋಣೆ ಕೇಳಿಬಿಡೋಣವೇ ಎಂದೂ ಅನಿಸಿತು.

ಆದರೂ ಭಾನುವಾರ ಹೋದೆ. ಸೇವಂತಿಗೆ ಮಾಲೆ, ಒಂದಿಷ್ಟು ಪೇಡೆ ಒಯ್ದಿದ್ದೆ. ಅಜ್ಜಿ ಕುರ್ಚಿಯಿಂದಲೇ ಕೈ ಚಾಚಿದಳು.

‘ಬಾ ಯವ್ವಾ, ಬಾ. ಹತ್ರ ಬಾ. ದೂರದಿಂದ ಇನ್ನೂ ಸಣ್ಣಾಕಿ ಕಾಣ್ತಿದ್ದಿ.’

ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವಳಿಗೆ ಈ ವರಾಂಡವೇ ಲೋಕವಾಗಿತ್ತಂತೆ. ‘ಮನಿಯೊಳಗಿನ ಟಿವಿ ಬ್ಯಾಡಂತಾರ್ರಿ, ಈ ಹೋಟೆಲಿನ ಕಿಟಕಿ ಒಂದಿದ್ರ ಸಾಕು,’ ಎಂದು ಸೊಸೆ ನಕ್ಕಳು. ನನಗಿಂತ ಮೊದಲು ಆ ಕೋಣೆಯಲ್ಲಿದ್ದವರ ಕತೆಗಳನ್ನೆಲ್ಲ ಅಜ್ಜಿ ಹೇಳಿದಳು. ಕನ್ನಡಿಯ ಮುಂದೆ ನಿಂತು ಭಾಷಣ ಕಲಿಯುತ್ತಿದ್ದ ಟೊಣಪ ಒಬ್ಬ. ಮದುವೆಯಾದ ಹೊಸತರಲ್ಲೇ ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತ ಜೋಡಿಯೊಂದು. ಮಗನ ಕೆಲಸಕ್ಕಾಗಿ ಯಾರ್ಯಾರನ್ನೋ ಕಾಣಲು ಬಂದು, ದಿನವೂ ಸೋತ ಮುಖದಲ್ಲಿ ಬೂಟು ಬಿಚ್ಚುತ್ತಿದ್ದ ಯಜಮಾನ.

‘ಎಲ್ಲಾರನೂ ನಾ ನೋಡೀನಿ. ಈ ಕಡಿ ತಿರುಗಿ ನೋಡಿದಾಕಿ ನೀ ಒಬ್ಬಾಕಿ,’ ಎಂದಳು ಅಜ್ಜಿ. ನನ್ನ ಕೊರಳ ಕಡೆ ನೋಡಿ, ‘ಮದುವಿ ಆಗಿಲ್ಲೇನು?’

‘ಇಲ್ರಿ ಅಜ್ಜಿ.’

‘ಯಾಕ?’

ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರಗಳು ಹಲವಿದ್ದವು. ಅವತ್ತು ಅವನ್ನೆಲ್ಲ ಬದಿಗಿಟ್ಟೆ. ‘ಮೊದ್ಲ ಅಪ್ಪ ಹಾಸಿಗಿ ಹಿಡಿದ್ರು, ಆಮ್ಯಾಲ ಅವ್ವ. ಅವರೆಲ್ಲಾ ಹೋದ ಮ್ಯಾಲ ಯಾರೂ ಕೇಳಲಿಲ್ರಿ,’ ಎಂದೆ.

ಅಜ್ಜಿ ಅಯ್ಯೋ ಅನ್ನಲಿಲ್ಲ. ‘ಹೋಗ್ಲಿ ಬಿಡು. ನಂದು ಆಗಿತ್ತು. ಈಗ ನಾನೂ ಒಬ್ಬಾಕಿನs,’ ಎಂದು ಮಾಲೆಯ ಒಂದು ತುಂಡು ಹರಿದು ನನ್ನ ಕೈಗೆ ಕೊಟ್ಟಳು. ಒಳಗೆ ಸೊಸೆ ಒಗ್ಗರಣೆ ಹಾಕುತ್ತಿದ್ದಳು, ಮಗ ರೇಡಿಯೋ ತಿರುವುತ್ತಿದ್ದ. ತುಂಬಿದ ಮನೆಯ ನಡುವೆ ಕೂತು ಅವಳು ಆಡಿದ ಆ ಮಾತು ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

ಆಗಲೇ ನಾನು ತಲೆಯೆತ್ತಿ ಓಣಿಯಾಚೆ ನೋಡಿದ್ದು. ನನ್ನ ಕಿಟಕಿ ತೆರೆದಿತ್ತು. ಕುರ್ಚಿಯ ಬೆನ್ನಿಗೆ ಒಣಹಾಕಿದ್ದ ಸೀರೆ, ಮೇಜಿನ ಮೇಲೆ ನೀರಿನ ಜಗ್ಗು, ಕಾಗದದ ಪೊಟ್ಟಣದಲ್ಲಿ ಉಳಿದ ಬನ್ನು. ಹಾಸಿಗೆ ಸುಕ್ಕಿಲ್ಲದೆ ಒಪ್ಪವಾಗಿತ್ತು. ಅಲ್ಲಿ ಒಬ್ಬರು ಬದುಕುತ್ತಿದ್ದಾರೆ ಎನ್ನುವುದಕ್ಕೆ ಅಷ್ಟೇ ಗುರುತು. ಧಾರವಾಡದ ನನ್ನ ಮನೆಯನ್ನೂ ಆಚೆಯಿಂದ ಯಾರಾದರೂ ನೋಡಿದರೆ ಇಷ್ಟೇ ಕಂಡೀತು ಎನಿಸಿತು. ಸೊಸೆ ತಾಟು ತಂದಿಟ್ಟಳು. ರೊಟ್ಟಿ, ಪುಂಡಿಪಲ್ಯ, ಕೆನೆಮೊಸರು. ತಲೆ ತಗ್ಗಿಸಿ ಗಬಗಬನೆ ಉಂಡೆ. ‘ಸಾವಕಾಶ ಉಣ್ಣವಾ, ಬಸ್ಸಿಗಿ ಹೊಂಟಿಲ್ಲ ನೀ,’ ಎಂದಳು ಅಜ್ಜಿ.

ಉಳಿದ ದಿನಗಳಲ್ಲಿ ಸಂಜೆ ಬಂದೊಡನೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಳ್ಳುತ್ತಿದ್ದೆ. ಅಜ್ಜಿ ಬೆರಳುಗಳನ್ನು ಬಾಯಿಗೆ ಒಯ್ದು ಉಂಡೆಯಾ ಎಂದು ಕೇಳುವಳು. ಹೋಟೆಲಿನಿಂದ ಕೋಣೆಗೇ ತರಿಸಿಕೊಂಡಿದ್ದ ತಾಟನ್ನು ಎತ್ತಿ ತೋರಿಸುತ್ತಿದ್ದೆ. ಕೈಸನ್ನೆಗೆ ಸದ್ದಿನ ಅಡ್ಡಿಯಿಲ್ಲದಿದ್ದರೂ ವಿಮಾನ ಹೋಗುವಾಗ ಇಬ್ಬರೂ ತಡೆದು, ಸದ್ದು ಅಡಗಿದ ಮೇಲೆ ಮತ್ತೆ ಕೈಸನ್ನೆ ಮುಂದುವರಿಸುತ್ತಿದ್ದೆವು. ಮೂರನೆಯ ವಾರದ ಮೊದಲಲ್ಲಿ ಮ್ಯಾನೇಜರು ಬಂದು, ಗಿರಾಕಿ ಕಡಿಮೆ, ಇದೇ ಬಾಡಿಗೆಗೆ ಮುಂದಿನ ಕೋಣೆ ಕೊಡುತ್ತೇನೆ ಎಂದರು. ಬೇಡವೆಂದೆ. ‘ಆದರೆ ನೋಟ?’ ಎಂದರು ಅವರು, ನನ್ನ ಕಿಟಕಿಯ ಕಡೆ ಬೆರಳು ಮಾಡಿ, ನಿಜಕ್ಕೂ ಬೇಸರದಿಂದ. ಇದೇ ಅಡ್ಡಿಯಿಲ್ಲ ಎಂದೆ.

ಊರಿಗೆ ಹೊರಟ ಬೆಳಿಗ್ಗೆ ಅಜ್ಜಿ ಇನ್ನೂ ವರಾಂಡಕ್ಕೆ ಬಂದಿರಲಿಲ್ಲ. ರೈಲಿಗೆ ಹೊತ್ತಾಗುತ್ತಿತ್ತು. ಸೊಸೆ ಓಣಿಯವರೆಗೆ ಓಡಿ ಬಂದು ಬುತ್ತಿ ಕೊಟ್ಟಳು, ತಮ್ಮ ಮನೆಯ ಫೋನ್ ನಂಬರು ಕೊಟ್ಟು ನನ್ನದನ್ನೂ ಬರೆದುಕೊಂಡಳು.

ದೀಪಾವಳಿಗೆ ನಾನು ಫೋನು ಮಾಡಿದಾಗ ಅಜ್ಜಿಯ ದನಿ ಕೇಳಿಸಿತು. ಕಿವಿ ಮಂದವಾಗಿತ್ತು, ನಾನು ಹೇಳಿದ್ದಕ್ಕೂ ಅವಳು ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ಸಂಕ್ರಾಂತಿಗೆ ಸೊಸೆಯೇ ಫೋನು ಮಾಡಿ, ಅತ್ತೆ ಹೋದರೆಂದು ಹೇಳಿದಳು. ವರಾಂಡದ ಕುರ್ಚಿಯಲ್ಲೇ, ಮಧ್ಯಾಹ್ನದ ಹೊತ್ತು, ಯಾರಿಗೂ ಗೊತ್ತಾಗದ ಹಾಗೆ.

ಅದಾದ ಮೇಲೆ ನನಗೆ ನಮ್ಮ ಮನೆಯಲ್ಲಿ ಕೂಡಲು ಆಗದಾಯಿತು. ಧಾರವಾಡದ ಹೊಸ ಬಡಾವಣೆಯ ಕೊನೆಯ ಸಾಲಿನಲ್ಲಿ ಅಪ್ಪ ಕಟ್ಟಿಸಿದ್ದು ಅದು. ಯಾವ ಕಿಟಕಿ ತೆರೆದರೂ ಎದುರಿಗೆ ಕಂಪೌಂಡು ಗೋಡೆ. ಅದನ್ನು ಶಾಲೆಯ ಮಾಸ್ತರರೊಬ್ಬರ ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಮಾರುಕಟ್ಟೆಯ ಹತ್ತಿರ ಎರಡು ಮಾಳಿಗೆ ಕೋಣೆ ಹಿಡಿದೆ. ಕೆಳಗೆ ಹಿಟ್ಟಿನ ಗಿರಣಿ, ಎದುರಿಗೆ ಬಳೆಗಾರರ ಮನೆ. ತಮ್ಮ ಸಿಟ್ಟಾದ.

‘ಸ್ವಂತ ಮನಿ ಬಿಟ್ಟು ಆ ಗದ್ದಲದಾಗ ಹೋಗಿ ಕುಂತೀಯಲ್ಲ, ಏನೈತಿ ಅಲ್ಲಿ?’

ಆಫೀಸು ಹತ್ತಿರ ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ. ಒಂಟಿತನ ಅಲ್ಲಿಗೂ ಜೊತೆಗೇ ಬಂದಿತ್ತು, ಬರದೆ ಎಲ್ಲಿ ಹೋದೀತು. ಆದರೆ ಹೋದ ವಾರವೇ ಬಳೆಗಾರರ ಹೆಂಗಸು ತನ್ನ ಮಾಳಿಗೆಯಿಂದ ಕೂಗಿ, ನಿಮ್ಮ ಹಾಲು ಉಕ್ಕಾಕತ್ತೈತಿ ನೋಡ್ರಿ ಎಂದಳು. ಓಡಿದೆ.